ಅರಿಶಿನದಾಕಿಯ ತಾಮ್ರದ ನೀರು

ನನ್ನ ಗಂಡ ನನಗಿಂತ ಹೆಚ್ಚಾಗಿ ಇನ್ನೊಬ್ಬಳನ್ನು ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ಕದ್ದುಮುಚ್ಚಿ ಎಲ್ಲೋ ಇದ್ದವಳಲ್ಲ. ಮಕ್ತಲದ ನಮ್ಮ ಮನೆಯ ಪಡಸಾಲೆಯಲ್ಲೇ, ಗಾಜಿನ ಪೆಟ್ಟಿಗೆಯೊಳಗೆ ಇದ್ದಳು. ಅರಿಶಿನ ಹಚ್ಚಿದ ಅಂಗೈಯಷ್ಟು ಅಗಲ, ಹಾಗೇ ಚಪ್ಪಟೆ, ಬಾಯಿ ಮಾತ್ರ ಸ್ವಲ್ಪ ಮುಂದೆ ಚಾಚಿಕೊಂಡದ್ದು. ಸಮುದ್ರದ ಮೀನು. ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು, ನಮ್ಮ ಅತ್ತೆ ಮೊದಲ ದಿನವೇ ಅರಿಶಿನದಾಕಿ ಎಂದು ಕರೆದರು, ಅದೇ ಉಳಿಯಿತು. ಗಂಡೋ ಹೆಣ್ಣೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಅನುಮಾನವೇ ಇರಲಿಲ್ಲ.

ನಮ್ಮವರದು ಮೋಟಾರ್ ವೈಂಡಿಂಗ್ ಅಂಗಡಿ, ಮನೆಯ ಮುಂದಿನ ಖೋಲಿಯಲ್ಲೇ. ರಾಜ್ಯ ಬೇರೆಯಾಗುವ ಮೊದಲು ಅದರ ಮುಂದೆ ಸುಟ್ಟ ಮೋಟಾರುಗಳು ಸಾಲುಹಚ್ಚಿ ಬಿದ್ದಿರುತ್ತಿದ್ದವು. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗಲೂ ವೋಲ್ಟೇಜು ಏರಿಳಿದು ಬೋರಿನ ಮೋಟಾರುಗಳು ಕರಕಲಾಗುತ್ತಿದ್ದವು. ನರ್ವ, ಕೊತ್ತಪಲ್ಲಿ ಕಡೆಯ ರೈತರು ಅವನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರೆ, ಇವರು ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತಿ ಕೊಡುತ್ತಿದ್ದರು. ಇವರು ಸುತ್ತಿದ ಮೋಟಾರು ಇನ್ನೊಮ್ಮೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೆಸರಿತ್ತು. ಆ ಹೆಸರು ಇವರ ತಲೆಗೂ ಏರಿತ್ತು.

ತೆಲಂಗಾಣ ಬಂತು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಕರೆಂಟು ಸುಧಾರಿಸಿತು. ಊರಿಗೆಲ್ಲ ಅನುಕೂಲವಾಯಿತು, ನಮ್ಮ ಅಂಗಡಿಯ ಮುಂದಿನ ಸಾಲು ಮಾತ್ರ ಕರಗಿತು. ಅದೇ ಹೊತ್ತಿಗೆ ಗದ್ವಾಲ ಜಿಲ್ಲೆಯಾಗಿ, ಅಲ್ಲಿ ಹೊಸ ಹೊಸ ಕಟ್ಟಡಗಳು ಎದ್ದವು. ಅಂಥದೊಂದು ಹೊಸ ಲಾಡ್ಜಿನ ಮಾಲೀಕ, ಬರುವ ಆಫೀಸರುಗಳು ನೋಡಿ ಬೆರಗಾಗಲಿ ಎಂದು, ಬಾಗಿಲ ಎದುರಿಗೇ ಸಮುದ್ರದ ನೀರಿನ ದೊಡ್ಡ ತೊಟ್ಟಿಯೊಂದನ್ನು ಕೂರಿಸಿದ್ದ. ಅದರ ಪಂಪು ಕೆಟ್ಟಾಗ ನಮ್ಮವರನ್ನು ಕರೆಸಿದರು. ಅಲ್ಲಿಗೆ ಹೋಗಿ ಬಂದ ಮೇಲೆ ಇವರ ಬಾಯಲ್ಲಿ ಮೀನಿನದೇ ಮಾತು.

ಸ್ವಲ್ಪ ದಿನಕ್ಕೆ ಆ ತೊಟ್ಟಿಯ ಮೀನುಗಳಿಗೆ ರೋಗ ಬಿತ್ತು. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ಒಂದೊಂದಾಗಿ ಸತ್ತವು. ಕೊನೆಗೆ ಉಳಿದದ್ದು ಈ ಹಳದಿಯದೊಂದೇ. ಮಾಲೀಕ ಬೇಸರದಿಂದ ಅದನ್ನೂ ಎತ್ತಿ ಬಿಸಾಡಿ ಎಂದನಂತೆ. ನಮ್ಮವರು ಬೇಡವೆಂದು, ಗುಣಮಾಡಿ ತಂದುಕೊಡುತ್ತೇನೆಂದು ಮಾತುಕೊಟ್ಟು, ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು, ಜೂರಾಲ ಡ್ಯಾಮಿನ ದಾರಿಯಲ್ಲಿ ಆಟೋ ಮಾಡಿಕೊಂಡು ಮನೆಗೆ ತಂದರು. ಹೆಣ್ಣು ತುಂಬಿಸಿಕೊಂಡು ಬಂದ ಮದುಮಗನ ಮುಖವಿತ್ತು ಅವರದು. ನನ್ನನ್ನು ನಾರಾಯಣಪೇಟೆಯಿಂದ ಕರೆತಂದ ದಿನ ಆ ಮುಖ ಹಾಗಿರಲಿಲ್ಲ, ಬಸ್ಸಿನಲ್ಲಿ ನಿದ್ದೆ ಮಾಡುತ್ತಿತ್ತು.

ಸಣ್ಣ ಗಾಜಿನ ಪೆಟ್ಟಿಗೆಯೊಂದನ್ನು ತಂದು ಪಡಸಾಲೆಯ ಕಿಟಕಿಯ ಪಕ್ಕ ಇಟ್ಟರು. ಅದು ನನ್ನ ಹೊಲಿಗೆ ಮಷೀನಿನ ಜಾಗ. ತವರಿನಿಂದ ಬಂದ ಸೀರೆಗಳಿಗೆ ಫಾಲು ಹಚ್ಚುತ್ತ, ಓಣಿ ನೋಡುತ್ತ ನಾನು ಕೂರುತ್ತಿದ್ದ ಜಾಗ. ಮಷೀನು ಅಡುಗೆಮನೆಯ ಮೂಲೆಗೆ ಹೋಯಿತು, ಒಗ್ಗರಣೆಯ ಹೊಗೆಯಲ್ಲಿ ದಾರ ಪೋಣಿಸುವುದು ನನ್ನ ಪಾಲಿಗೆ ಬಂತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆಕೆಗೆ ಬೆಳಕು ಬೇಕಂತೆ.

ನಾವು ಲಿಂಗ ಕಟ್ಟಿದ ಮನೆಯವರು, ಮೀನಿನ ವಾಸನೆ ಹೊಸ್ತಿಲು ದಾಟಿದ್ದೇ ಇಲ್ಲ. ಅತ್ತೆ ರಂಪ ಮಾಡುತ್ತಾರೆ, ಅಲ್ಲಿಗೆ ನನ್ನ ಕೆಲಸ ಹಗುರಾಗುತ್ತದೆ ಎಂದುಕೊಂಡಿದ್ದೆ. ಮೊದಲು ಸಿಡುಕಿದರು ನಿಜ. ಆದರೆ ಅದು ಪಾಲಕ್ ಸೊಪ್ಪನ್ನು ಕಚ್ಚಿ ಕಚ್ಚಿ ತಿನ್ನುವುದನ್ನು ನೋಡಿದ್ದೇ ತಡ, ಕರಗಿಬಿಟ್ಟರು. "ಸೊಪ್ಪು ತಿಂತೈತಿ ನೋಡ, ನಮ್ಮಂಥಾಕಿನೇ," ಎಂದು ನನ್ನ ಕಡೆ ತಿರುಗಿ ಹೇಳಿದರು. ನಾನು ಮದುವೆಯಾಗಿ ಬಂದು ಎಷ್ಟೋ ವರ್ಷದ ತನಕ ನನ್ನನ್ನು ಪ್ಯಾಟೀಯಾಕಿ ಎನ್ನುತ್ತಿದ್ದವರು ಇವರೇ.

ಮದ್ದು ತಾಮ್ರದ್ದು. ಹೈದರಾಬಾದಿನಲ್ಲಿ ಸಾಕುವ ಮೀನು ಮಾರುವ ಅಂಗಡಿಯವನೊಬ್ಬ ಸಣ್ಣ ಬಾಟಲಿಯಲ್ಲಿ ಕಳಿಸಿದ್ದ, ಫೋನಿನಲ್ಲಿ ಎಲ್ಲವನ್ನೂ ತಿಳಿಸಿಹೇಳಿದ್ದ. ತಾಮ್ರ ನೀರಲ್ಲಿ ಕಡಿಮೆಯಾದರೆ ರೋಗ ಸಾಯುವುದಿಲ್ಲ, ಹೆಚ್ಚಾದರೆ ಮೀನೇ ಸಾಯುತ್ತದೆ, ನಡುವೆ ಇರುವ ದಾರಿ ಬಹಳ ಸಣ್ಣದು. ಆದ್ದರಿಂದ ಒಮ್ಮೆಲೇ ಸುರಿಯಬಾರದು, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ನೆಮ್ಮದಿಗಾ, ನೆಮ್ಮದಿಗಾ ಎಂದು ಆತ ತೆಲುಗಿನಲ್ಲಿ ಹೇಳಿದ್ದನ್ನು ಇವರು ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದರು, ನಿಧಾನ, ನಿಧಾನ ಎಂದು. ಪೆಟ್ಟಿಗೆಯಲ್ಲಿ ಮರಳು, ಕಲ್ಲು, ಶಂಖ ಏನೂ ಇರಬಾರದು, ಅವು ತಾಮ್ರವನ್ನು ಕುಡಿದುಬಿಡುತ್ತವೆ, ಆಮೇಲೆ ಲೆಕ್ಕವೇ ಸಿಗುವುದಿಲ್ಲ. ಸಿಗಡಿ, ಬಸವನಹುಳು ಇರುವ ದೊಡ್ಡ ತೊಟ್ಟಿಗೆ ಈ ಮದ್ದು ಹಾಕಲೇಬಾರದು, ಅವು ಬದುಕುವುದಿಲ್ಲ. ಅದಕ್ಕೇ ಈ ಬೇರೆ ಪೆಟ್ಟಿಗೆ. ಆಕೆ ಅಡಗಿಕೊಳ್ಳಲಿ ಎಂದು ಒಳಗೆ ಬೋರಿನ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ಮಾತ್ರ ಇಟ್ಟರು. ಬಿಸಿಲಿಗೆ ನೀರು ಆರಿ ಇಳಿದರೆ ಬರೀ ನೀರು ಹಾಕಬೇಕು, ಉಪ್ಪುನೀರಲ್ಲ, ಯಾಕೆಂದರೆ ಆರುವುದು ನೀರು, ಉಪ್ಪು ಅಲ್ಲೇ ಇರುತ್ತದೆ. ಇದನ್ನೆಲ್ಲ ನನಗೆ ಯಾರೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಕೂತೇ ಕಲಿತೆ. ಶತ್ರುವಿನ ಊಟ, ನಿದ್ದೆ, ಔಷಧಿ ಎಲ್ಲ ತಿಳಿದಿರಬೇಕಲ್ಲ.

ದಿನವೂ ಬೆಳಿಗ್ಗೆ ನಮ್ಮವರು ಮುಖ ತೊಳೆಯುವ ಮೊದಲು ಆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಸಣ್ಣ ಗಾಜಿನ ಕೊಳವೆಯಲ್ಲಿ ಪೆಟ್ಟಿಗೆಯ ನೀರು ತೆಗೆದು, ಅದಕ್ಕೆ ಹನಿ ಹಾಕಿ ಅಲ್ಲಾಡಿಸಿ, ಬಣ್ಣದ ಕಾರ್ಡಿನ ಪಕ್ಕ ಹಿಡಿಯುತ್ತಿದ್ದರು. ತಾಮ್ರ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು, ಹೆಚ್ಚಾದಷ್ಟೂ ನೀಲಿ. ಕಾರ್ಡಿನ ಒಂದು ಹಸಿರಿಗೆ ಪೆನ್ನಿನಿಂದ ಗುರುತು ಮಾಡಿಟ್ಟುಕೊಂಡಿದ್ದರು, ಅದಕ್ಕಿಂತ ಈಚೆಗೂ ಬರಬಾರದು, ಆಚೆಗೂ ಹೋಗಬಾರದು. ಆಮೇಲೆ ಆಕೆಯ ಕಿವಿರು ಎಷ್ಟು ಬೇಗ ಬಡಿಯುತ್ತಿದೆ ಎಂದು ನೋಡುವುದು. ಆಮೇಲೆ ಸೊಪ್ಪು. ಒಂದು ದಿನ ಆಕೆ ಸೊಪ್ಪು ಮುಟ್ಟದಿದ್ದಾಗ ಇವರು ಗಾಜಿಗೆ ಹಣೆ ಹಚ್ಚಿ ಕೇಳಿದ್ದು ನನ್ನ ಕಿವಿಗೆ ಬಿತ್ತು.

"ಯಾಕವಾ, ಉಣವಲ್ಲಿ?"

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ. ಹಿಂದಿನ ವರ್ಷ ನನಗೆ ಚಿಕೂನ್‌ಗುನ್ಯಾ ಬಂದು ಕೀಲುಕೀಲು ಹಿಡಿದು ಹಾಸಿಗೆಯಲ್ಲಿ ಬಿದ್ದಿದ್ದೆ. ಇವರು ಬಾಗಿಲ ಹೊರಗಿನಿಂದಲೇ ಗುಳಿಗೆ ನುಂಗಿದೆಯಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಂಗಡಿಗೆ ಹೋಗುತ್ತಿದ್ದರು. ಉಂಡೆಯಾ ಎಂದು ಒಂದು ದಿನವೂ ಕೇಳಲಿಲ್ಲ. ಅವ್ವಾ ಎಂದು ಕರೆಯುವ ಮಾತಂತೂ ದೂರವೇ ಉಳಿಯಿತು, ನನ್ನನ್ನು ಅವರು ಕರೆಯುವುದೇ "ಏ, ಇಲ್ಲಿ ಬಾ" ಎಂದು. ಅಂಥವರ ಬಾಯಲ್ಲಿ ಈ ಬೆಣ್ಣೆ ಎಲ್ಲಿತ್ತು, ಇಷ್ಟು ವರ್ಷ ಯಾರಿಗೆಂದು ತೆಗೆದಿಟ್ಟಿದ್ದರು?

ನಾನು ಹೊಟ್ಟೆಕಿಚ್ಚನ್ನು ಬಚ್ಚಿಡುವವಳಲ್ಲ. ಪಾತ್ರೆ ಕುಕ್ಕಿದೆ. ಊಟಕ್ಕೆ ಕರೆಯುವಾಗ, ನಿಮ್ಮಾಕಿದು ಆಯ್ತೇನ್ರಿ, ಆಗಿದ್ರ ನೀವೂ ಬರ್ರಿ ಎಂದೆ. ಅತ್ತೆ ನಕ್ಕರು. ಇವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೇ ನಾನು ತಿಳಿದಿದ್ದೆ. ಹಾಕಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು.

ಮದ್ದು ಹಿಡಿಯಿತು. ಆಕೆಯ ಮೈಮೇಲಿನ ರವೆ ಉದುರಿ ಹೋಯಿತು, ಬಣ್ಣ ಏರಿತು. ಆದರೂ ಮದ್ದು ನಿಲ್ಲಿಸುವಂತಿರಲಿಲ್ಲ, ಚುಕ್ಕೆ ಹೋದ ಮಾತ್ರಕ್ಕೆ ರೋಗ ಹೋದಂತಲ್ಲ, ಅದರ ಮರಿಗಳು ನೀರಲ್ಲಿ ಇನ್ನೂ ಹುಟ್ಟುತ್ತಿರುತ್ತವೆ, ಅವೆಲ್ಲ ಮುಗಿಯುವ ತನಕ ಆ ಹಸಿರು ಹಾಗೇ ನಿಲ್ಲಬೇಕು ಎಂದು ಅಂಗಡಿಯವನು ಎಚ್ಚರಿಸಿದ್ದ. ಆ ದಿನಗಳಲ್ಲೇ ಲೆಕ್ಕ ತಪ್ಪಿದ್ದು. ಕೊಳವೆಯ ನೀರು ಗುರುತಿನ ಹಸಿರನ್ನು ದಾಟಿ ನೀಲಿಯ ಕಡೆ ವಾಲತೊಡಗಿತು. ಇವರು ಮದ್ದು ಹಾಕುವುದನ್ನು ನಿಲ್ಲಿಸಿದರು. ಒಂದಿಷ್ಟು ನೀರು ತೆಗೆದು ಹೊಸ ಉಪ್ಪುನೀರು ಹಾಕಿದರು. ಒಂದು ದಿನ ಇಳಿಯಿತು, ಮತ್ತೆ ಏರಿತು. ಹಾಕದೆ ಇರುವ ತಾಮ್ರ ಎಲ್ಲಿಂದ ಬರಬೇಕು?

ತಾವು ಅಂಗಡಿಯಲ್ಲಿರುವಾಗ ಆರಿದ ನೀರನ್ನು ತುಂಬಿಸಲು ಏನು ಬಳಸುತ್ತೀರಿ ಎಂದು ಅತ್ತೆಯನ್ನೂ ನನ್ನನ್ನೂ ಕೇಳಿದರು. ದೇವರ ಖೋಲಿಯ ತಾಮ್ರದ ತಂಬಿಗೆಯನ್ನು ಮುಟ್ಟಿದಿರಾ ಎಂದರು. ಪೂಜೆಯ ತಂಬಿಗೆಯನ್ನು ಮೀನಿನ ನೀರಿಗೆ ಅದ್ದಲು ನನಗೇನು ತಲೆ ಕೆಟ್ಟಿದೆಯೇ ಎಂದು ಅತ್ತೆ ರೇಗಿದರು. ನಾನು ಪ್ಲಾಸ್ಟಿಕ್ ಮಗ್ಗು ತೋರಿಸಿದೆ. ಇವರು ಮಗ್ಗು ನೋಡಲಿಲ್ಲ, ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡುತ್ತಿದ್ದಾರೆ ಎಂದು ಒಂದು ಗಳಿಗೆ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಮಾರನೆಯ ಬೆಳಿಗ್ಗೆ ಕಿಟಕಿ ಕಟ್ಟೆ ಒರೆಸುವಾಗ ಮದ್ದಿನ ಬಾಟಲಿ ಅಲ್ಲಿರಲಿಲ್ಲ. ಎಲ್ಲಿ ಎಂದು ಕೇಳಿದೆ. ಅಲ್ಮಾರಿಯಲ್ಲಿ ಇಟ್ಟಿದ್ದೇನೆ ಎಂದು, ಅಂಗಿಯ ಜೇಬನ್ನು ಮೇಲಿನಿಂದಲೇ ಮುಟ್ಟಿ ನೋಡಿಕೊಂಡರು. ಕೀಲಿ ಅಲ್ಲಿತ್ತು. ಮದುವೆಯಾದಾಗಿನಿಂದ ನಮ್ಮ ಅಲ್ಮಾರಿಗೆ ಬೀಗ ಹಾಕಿದ್ದೇ ಇಲ್ಲ. ನನ್ನ ಬಂಗಾರ ಅದರೊಳಗೆ ಹಾಗೇ ಇರುತ್ತಿತ್ತು. ಬೀಗ ಬಿದ್ದದ್ದು ಆಕೆಯ ಮದ್ದಿಗೆ, ನನ್ನ ಕೈಯಿಂದ ಕಾಪಾಡಲು.

ನಾನು ಕಟ್ಟೆ ಒರೆಸುವುದನ್ನು ಮುಂದುವರಿಸಿದೆ. ಆಕೆಯನ್ನು ಕಂಡರೆ ನನಗೆ ಆಗುವುದಿಲ್ಲ ಎಂಬುದು ನಿಜ. ವಿಷ ಹಾಕುವವಳಲ್ಲ ಎಂಬುದೂ ನಿಜ. ಮೊದಲನೆಯದನ್ನು ಅವರು ಕಂಡಿದ್ದರು, ಎರಡನೆಯದನ್ನು ಇಷ್ಟು ವರ್ಷ ಜೊತೆಯಲ್ಲಿದ್ದೂ ಕಾಣಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಗಟ್ಟು ಎಂಬ ಊರಿನ ಕಡೆಯಿಂದ ಕೆಲಸ ಬಂತು, ಯಾರದೋ ಬೋರಿನ ಮೋಟಾರು ಎತ್ತಬೇಕಿತ್ತು. ಇವರು ಬೆಳಿಗ್ಗೆಯೇ ಹೊರಟರು, ಕೀಲಿಯೂ ಅವರ ಜೇಬಿನಲ್ಲೇ ಹೊರಟಿತು. ಹೋಗುವಾಗ, ಉಪ್ಪುನೀರು ಬಕೆಟ್ಟಿನಲ್ಲಿ ಕಲಸಿ ಇಟ್ಟಿದ್ದೇನೆ, ಸೊಪ್ಪು ಹಾಕು ಎಂದರು. ಅಷ್ಟೇ.

ನಾನು ಸೊಪ್ಪು ಹಾಕಲು ಹೋದರೆ ಆಕೆ ಪೈಪಿನ ಪಕ್ಕ ಒರಗಿಕೊಂಡಿದ್ದಳು. ಬಣ್ಣ ಮಾಸಿತ್ತು. ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದಳು, ಕಿವಿರು ಬಡಬಡ ಬಡಿಯುತ್ತಿತ್ತು. ಇವರು ಮಾಡುವುದನ್ನು ಕದ್ದು ನೋಡಿ ನೋಡಿ ನನಗೂ ಬರುತ್ತಿತ್ತಲ್ಲ, ಕೊಳವೆಯಲ್ಲಿ ನೀರು ತೆಗೆದು ಹನಿ ಹಾಕಿದೆ. ಹಸಿರಿನ ಸುಳಿವೇ ಇಲ್ಲ, ಪೂರಾ ನೀಲಿ.

ಮೊದಲು ನನಗೆ ಸಮಾಧಾನವೇ ಆಯಿತು. ಬೀಗದೊಳಗಿನ ಬಾಟಲಿಯಿಂದ ನಾನು ಹಾಕಿರಲು ಸಾಧ್ಯವಿಲ್ಲ ಎಂದು. ಆಮೇಲೆ ಇನ್ನೊಂದು ಹೊಳೆಯಿತು. ಅವರು ಬರುವಷ್ಟರಲ್ಲಿ ಆಕೆ ಸತ್ತರೆ, ನನ್ನ ಕೈಯಲ್ಲಿ ಬಿಟ್ಟುಹೋದಾಗ ಸತ್ತಳು ಎನ್ನುವುದೊಂದೇ ಅವರಿಗೆ ಉಳಿಯುತ್ತದೆ. ಬದುಕಿರುವವಳ ಜೊತೆ ಜಗಳವಾಡಬಹುದು. ಸತ್ತವಳು ನನ್ನ ಗಂಡನ ಮನಸ್ಸಿನಲ್ಲಿ ಹಾಗೇ ಹಳದಿಯಾಗಿ, ಚೆಂದವಾಗಿ, ಸಾಯುವ ತನಕ ಕೂತುಬಿಡುತ್ತಾಳೆ. ನಾನು ಅವಳನ್ನು ಕೊಂದವಳಾಗಿ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿರಬೇಕು. ಅದು ನನ್ನಿಂದ ಆಗದ ಮಾತು. ಆಕೆ ಬದುಕಲೇಬೇಕಿತ್ತು.

ಇವರಿಗೆ ಫೋನು ಮಾಡಿದೆ. ನೀರು ಪೂರಾ ನೀಲಿಯಾಗಿದೆ, ಆಕೆ ಉಣ್ಣುತ್ತಿಲ್ಲ ಎಂದೆ. ಇವರು ಕೇಳಿದರು:

"ಏನ್ ಹಾಕಿದಿ?"

ನಾನು ಫೋನು ಕಟ್ ಮಾಡಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಹೊತ್ತಿರಲಿಲ್ಲ. ಪೆಟ್ಟಿಗೆಯ ನೀರು ತೆಗೆಯಲೆಂದು ಮಗ್ಗು ಮುಳುಗಿಸಿದಾಗ ಬೆರಳು ಸಣ್ಣಗೆ ಜುಮ್ ಎಂದಿತು. ವೈಂಡಿಂಗ್ ಮಾಡುವವನ ಹೆಂಡತಿಗೆ ಆ ಜುಮ್ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಕೈ ಎಳೆದುಕೊಂಡು, ಸ್ವಿಚ್ ಆರಿಸಿ ಪ್ಲಗ್ಗನ್ನೇ ಕಿತ್ತೆ. ಆಮೇಲೆ ಪೆಟ್ಟಿಗೆಯೊಳಗಿನ ಪಂಪನ್ನು ಎತ್ತಿದೆ.

ಆ ಪಂಪಿನ ಬಗ್ಗೆ ಹೇಳಬೇಕು. ನೀರು ಓಡಾಡುತ್ತಿರಲು ಮೀನಿಗೆ ಆಗಿಬರುವಂಥ ಪಂಪನ್ನೇ ಕೊಳ್ಳಿ ಎಂದು ಹೈದರಾಬಾದಿನವನು ಹೇಳಿದ್ದ. ವೈಂಡಿಂಗ್ ಮಾಡುವವನ ಮನೆಯಲ್ಲಿ ಪಂಪು ಕೊಳ್ಳುವುದೇ ಎಂದು ಇವರು ನಕ್ಕಿದ್ದರು. ಬೇಸಿಗೆಯ ಕೂಲರಿನ ಹಳೆಯ ಪಂಪನ್ನು ಬಿಚ್ಚಿ, ತಾವೇ ಹೊಸ ತಂತಿ ಸುತ್ತಿ, ವಾರ್ನಿಶ್ ಬಳಿದು ಇಳಿಬಿಟ್ಟಿದ್ದರು. ತಾವು ಸುತ್ತಿದ್ದು ಕೆಡುವುದಿಲ್ಲ ಎಂಬ ನಂಬಿಕೆ. ಆದರೆ ಅದು ಕೂಲರಿನ ಸಿಹಿನೀರಿಗೆ ಮಾಡಿದ್ದು, ಇದು ಉಪ್ಪುನೀರು. ಎತ್ತಿ ಬೆಳಕಿಗೆ ಹಿಡಿದರೆ ತಂತಿ ಹೊರಬರುವ ಕಡೆ ಹಸಿರು ಪಾಚಿಯಂಥದು ಮೆತ್ತಿಕೊಂಡಿತ್ತು. ಪಾಚಿಯಲ್ಲ, ಕಿಲುಬು. ಪ್ರತಿ ಸೋಮವಾರ ಹುಣಸೆಹಣ್ಣು ಹಾಕಿ ದೇವರ ತಂಬಿಗೆಯಿಂದ ನಾನು ತಿಕ್ಕಿ ತೆಗೆಯುವ ಅದೇ ಕಿಲುಬು. ಉಪ್ಪುನೀರು ಪಂಪಿನೊಳಗೆ ನುಗ್ಗಿ ಇವರು ಸುತ್ತಿದ ತಾಮ್ರವನ್ನು ದಿನದಿನಕ್ಕೆ ತಿಂದು ಆಕೆಗೆ ಕುಡಿಸುತ್ತಿತ್ತು.

ಪೆಟ್ಟಿಗೆಯ ನೀರನ್ನು ಅರ್ಧದಷ್ಟು ತೆಗೆದೆ. ಬಕೆಟ್ಟಿನ ಉಪ್ಪುನೀರು ಒಳಗೇ ಇದ್ದದ್ದರಿಂದ ಅಷ್ಟೇ ಬೆಚ್ಚಗಿತ್ತು, ಅದನ್ನು ಸ್ವಲ್ಪ ಸ್ವಲ್ಪವೇ ಸುರಿದೆ. ಪಂಪು ಇಲ್ಲದ ಮೇಲೆ ನೀರಿಗೆ ಗಾಳಿ ಬೇಕಲ್ಲ. ಮಗ್ಗಿನಲ್ಲಿ ನೀರು ಎತ್ತಿ ಮೇಲಿನಿಂದ ಬಿಡುವುದು, ಮತ್ತೆ ಎತ್ತಿ ಬಿಡುವುದು. ಅಡುಗೆ ಆಗಲಿಲ್ಲ. ಭುಜ ಹಿಡಿಯಿತು. ಅತ್ತೆ ಅವಲಕ್ಕಿ ಕಲಸಿ ತಂದು ಪಕ್ಕದಲ್ಲಿಟ್ಟು, ನನ್ನನ್ನೂ ಪೆಟ್ಟಿಗೆಯನ್ನೂ ನೋಡಿ, "ಸವತಿ ಸೇವಾ ಛಲೋ ನಡಿಸೀದಿ," ಎಂದು ಹೇಳಿ ಹೋದರು. ನಾನು ಎತ್ತುತ್ತ, ಬಿಡುತ್ತ, ಆಕೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಸಾಯಬ್ಯಾಡ ನನ್ ಸವತಿ, ನೀ ಸತ್ತರ ನಾ ಉಳಿಯಂಗಿಲ್ಲ ಎಂದು ಬೈದದ್ದು ನೆನಪಿದೆ. ಆಕೆ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

ಹೊತ್ತು ಇಳಿಯುವ ಮೊದಲು ಇವರು ಬಂದರು. ಕೆಲಸ ಅರ್ಧಕ್ಕೆ ಬಿಟ್ಟು ಯಾರದೋ ಬೈಕಿನಲ್ಲಿ ಬಂದಿದ್ದರು. ನನ್ನ ಕಡೆ ನೋಡದೆ ಪೆಟ್ಟಿಗೆಯ ಕಡೆ ಹೋದರು. ಆಕೆ ಪೈಪು ಬಿಟ್ಟು ಹೊರಗೆ ಬಂದಿದ್ದಳು, ಉಸಿರು ಇಳಿದಿತ್ತು. ನಾನು ಎದ್ದು, ಪೇಪರಿನ ಮೇಲೆ ಇಟ್ಟಿದ್ದ ಪಂಪನ್ನು ತಂದು ಅವರ ಮುಂದೆ ಇಟ್ಟೆ. ಅವರು ಕಿಲುಬು ನೋಡಿದರು. ಅಂಗಡಿಯಿಂದ ಸ್ಕ್ರೂಡ್ರೈವರ್ ತಂದು ಬಿಚ್ಚಿದರು. ವಾರ್ನಿಶ್ಶಿನ ಕೆಳಗೆ ತಂತಿ ಕರಗಿ, ಕಪ್ಪುಹಸಿರಾಗಿ, ಅಲ್ಲಲ್ಲಿ ಪುಡಿಯಾಗಿತ್ತು. ಬೆರಳಿನಿಂದ ಮುಟ್ಟಿದರೆ ಬೆರಳಿಗೆ ಬಂತು. ಆ ಬೆರಳನ್ನು ಅಂಗಿಗೆ ಒರೆಸಿಕೊಂಡರು.

"ನಾನ ಸುತ್ತಿದ್ದು," ಎಂದರು.

"ಹೌದ್ರಿ. ನೀವ ಸುತ್ತಿದ್ದು," ಎಂದೆ. ಇನ್ನೂ ಹೇಳುವುದು ಬಹಳವಿತ್ತು. ಆದರೆ ಆ ಮುಖ ನೋಡಿದ ಮೇಲೆ ಸಾಕೆನಿಸಿತು.

ತಪ್ಪಾಯಿತು ಎಂದು ಅವರು ಹೇಳಲಿಲ್ಲ, ಆ ಮಾತು ಅವರಿಗೆ ಬರುವುದಿಲ್ಲ. ಅಲ್ಮಾರಿಗೆ ಮತ್ತೆ ಬೀಗ ಬೀಳಲಿಲ್ಲ, ಬಾಟಲಿ ಕಿಟಕಿ ಕಟ್ಟೆಗೆ ಬಂತು. ಹೈದರಾಬಾದಿನಿಂದ ಗಾಳಿ ಬಿಡುವ ಹೊಸ ಪಂಪನ್ನು ತರಿಸಿದರು. ನೀರು ಮತ್ತೆ ಗುರುತಿನ ಹಸಿರಿಗೆ ಬಂತು, ಅಂಗಡಿಯವನು ಹೇಳಿದಷ್ಟು ದಿನ ಅಲ್ಲೇ ನಿಂತಿತು. ಆಮೇಲೆ ಇದ್ದಿಲು ಇಟ್ಟು, ನೀರು ಬದಲಿಸಿ ತಾಮ್ರವನ್ನೆಲ್ಲ ತೆಗೆದು, ಆಕೆಯನ್ನು ಗದ್ವಾಲಕ್ಕೆ ಕಳಿಸಿದರು. ಅಲ್ಲಿಯ ದೊಡ್ಡ ತೊಟ್ಟಿ ಅಷ್ಟು ದಿನ ಮೀನಿಲ್ಲದೆ ಖಾಲಿ ಬಿದ್ದು ರೋಗ ಕಳೆದುಕೊಂಡಿತ್ತಂತೆ. ನಾನು ಬಾಗಿಲ ತನಕವೂ ಹೋಗಲಿಲ್ಲ. ನನ್ನ ಮಷೀನನ್ನು ಕಿಟಕಿಯ ಪಕ್ಕಕ್ಕೆ ನಾನೇ ಎಳೆದು ತಂದೆ. ಎಷ್ಟೋ ದಿನದವರೆಗೆ ಇವರು ಬೆಳಿಗ್ಗೆ ಎದ್ದು ಆ ಕಿಟಕಿಯ ತನಕ ಬಂದು, ಮಷೀನು ಕಂಡು, ತಿರುಗಿ ಹೋಗುತ್ತಿದ್ದರು. ಅದಕ್ಕೂ ನನಗೆ ಉರಿಯುತ್ತಿತ್ತು.

ಆ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಅತ್ತೆ ತಮ್ಮ ಮಗಳ ಊರಿಗೆ ಹೋಗಿದ್ದರು. ಗಂಜಿ ಮಾಡಿಕೊಳ್ಳಲೂ ಏಳದೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬಾಗಿಲ ಹೊರಗಿನ ಪ್ರಶ್ನೆಗೆ ಕಾಯುತ್ತಿದ್ದೆ. ಅದು ಬರಲಿಲ್ಲ. ಇವರು ಒಳಗೆ ಬಂದರು, ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು, ನನ್ನ ಉಸಿರು ಎಷ್ಟು ಬೇಗ ಏರಿಳಿಯುತ್ತಿದೆ ಎಂದು ನೋಡಿದರು. ಗಂಜಿ ತಂದಿದ್ದರು, ತಾವೇ ಕಾಸಿದ್ದು, ತಳ ಹಿಡಿದ ವಾಸನೆ. ನಾನು ಮುಟ್ಟಲಿಲ್ಲ. ಆಗ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದರು.

"ಯಾಕವಾ, ಉಣವಲ್ಲಿ?"

ಆ ಮಾತನ್ನು ಅವರು ಎಲ್ಲಿ ಕಲಿತದ್ದು ಎಂದು ನನಗೆ ಗೊತ್ತಿತ್ತು. ಗದ್ವಾಲದ ಆ ಲಾಡ್ಜಿನಲ್ಲಿ ಆಕೆ ಈಗಲೂ ಸೊಪ್ಪು ತಿನ್ನುತ್ತ ಚೆನ್ನಾಗಿದ್ದಾಳೆ ಎಂಬುದೂ ಗೊತ್ತಿತ್ತು. ಜ್ವರದ ಮೇಲೆ ಹೊಟ್ಟೆಯೂ ಉರಿಯಿತು. ಆದರೂ ಎದ್ದು ಕೂತು, ಬಟ್ಟಲು ತೆಗೆದುಕೊಂಡು, ತಳ ಹಿಡಿದ ಆ ಗಂಜಿಯನ್ನು ಪೂರ್ತಿ ಕುಡಿದೆ.